ಕಣ್ಣಿನ ಗಾಯ ಮಾಯುವ ಹೊತ್ತು

ಲೇಸರ್ ನನ್ನ ಕಣ್ಣಿನ ಮೇಲೆ ಬಿದ್ದದ್ದು ಒಂದೊಂದು ಕಣ್ಣಿಗೆ ಅರ್ಧ ನಿಮಿಷ. ಆ ಗಾಯ ಪೂರ್ತಿ ಮಾಯಲು ಹಿಡಿದದ್ದು ಆರು ತಿಂಗಳು. ಕೇಳುವವರೆಲ್ಲ ಆ ಅರ್ಧ ನಿಮಿಷದ ಬಗ್ಗೆಯೇ ಕೇಳುತ್ತಾರೆ. ನೋವಾಯ್ತಾ, ಎಷ್ಟು ಖರ್ಚಾಯ್ತು, ಇನ್ನು ಕನ್ನಡಕ ಬೇಡ್ವಾ ಅಂತ. ಆಮೇಲಿನ ಆರು ತಿಂಗಳ ಸುದ್ದಿ ಯಾರಿಗೂ ಬೇಡ. ಆಪರೇಷನ್ನಿಗೆ ಮುಂಚೆ ನನಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಮೊದಲ ಹತ್ತು ದಿನ ಅಷ್ಟು ಹೆದರುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಮನೆ ಪಾಂಡವಪುರದ ಕಡೆ ಹಳ್ಳಿಯಲ್ಲಿ. ಏಳನೇ ಕ್ಲಾಸಿನಿಂದ ಕನ್ನಡಕ. ಬಲಗಣ್ಣಿಗೆ ಮೈನಸ್ ನಾಲ್ಕೂವರೆ, ಎಡಗಣ್ಣಿಗೆ ಮೈನಸ್ ನಾಲ್ಕು. ನಮ್ಮಪ್ಪನಿಗೆ ಆಲೆಮನೆ ಇದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹತ್ತಿರ ಹೋದರೆ ಸಾಕು, ಹಬೆಗೆ ಕನ್ನಡಕ ಮಂಜು ಹಿಡಿದು ಏನೂ ಕಾಣುವುದಿಲ್ಲ. ತೆಗೆದರೂ ಕಾಣುವುದಿಲ್ಲ. ಮಳೆಯಲ್ಲಿ ಸ್ಕೂಟರ್ ಓಡಿಸುವಾಗಲೂ ಅದೇ ಪಾಡು. ಇಪ್ಪತ್ತೇಳು ವರ್ಷ ತುಂಬಿತ್ತು. ಎರಡು ವರ್ಷದಿಂದ ಪವರ್ ಬದಲಾಗಿರಲಿಲ್ಲ. ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ನನ್ನು ಬೇಸಿಗೆ ರಜೆಯಲ್ಲಿ ಮಾಡಿಸಿಬಿಡೋಣ ಅಂತ ಮೈಸೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ.

ಅಲ್ಲಿ ಮೊದಲು ಅರ್ಧ ದಿನ ಬರೀ ಪರೀಕ್ಷೆ. ಕಾರ್ನಿಯಾ ಅಂದರೆ ಕಣ್ಣಿನ ಮುಂದುಗಡೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಭಾಗ. ಅದರ ಏರುತಗ್ಗಿನ ನಕ್ಷೆ ತೆಗೆದರು. ದಪ್ಪ ಅಳೆದರು. ಸಾಮಾನ್ಯವಾಗಿ ನಡುಮಧ್ಯೆ 540 ಮೈಕ್ರಾನ್ ಆಸುಪಾಸು ಇರುತ್ತದಂತೆ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನನ್ನದು 488. ಆಮೇಲೆ ಕೆಳರೆಪ್ಪೆಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದರು. ಕಣ್ಣೀರು ಆ ಪಟ್ಟಿಯಲ್ಲಿ ಎಷ್ಟು ದೂರ ಇಳಿಯುತ್ತದೆ ಅಂತ ನೋಡುವುದು. ಹತ್ತು ಮಿಲಿಮೀಟರ್ ದಾಟಿದರೆ ಒಳ್ಳೆಯದು. ನನ್ನದು ಒಂಬತ್ತಕ್ಕೆ ನಿಂತಿತು. ‘ಕಣ್ಣು ಸ್ವಲ್ಪ ಒಣಗು, ಪರವಾಗಿಲ್ಲ’ ಅಂದರು ಡಾಕ್ಟರು. ಆ ಒಂದು ಮಿಲಿಮೀಟರ್ ಮುಂದೆ ನನ್ನನ್ನು ಎಷ್ಟು ಆಟ ಆಡಿಸುತ್ತದೆ ಅಂತ ಆವತ್ತು ಅಂದುಕೊಂಡಿರಲಿಲ್ಲ.

ನಾನು ಲಾಸಿಕ್ ಅಂತ ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಅವರು ಪಿಆರ್‌ಕೆ ಮಾಡೋಣ ಅಂದರು. ಲಾಸಿಕ್‌ನಲ್ಲಿ ಕಾರ್ನಿಯಾದ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕೊಯ್ದು ಎತ್ತಿ, ಒಳಗೆ ಲೇಸರ್ ಹೊಡೆದು, ಮುಚ್ಚಳವನ್ನು ಮತ್ತೆ ಮುಚ್ಚುತ್ತಾರೆ. ಮಾರನೇ ದಿನವೇ ಚೆನ್ನಾಗಿ ಕಾಣಿಸುತ್ತದೆ. ಆದರೆ ಮುಚ್ಚಳಕ್ಕೇ 100-110 ಮೈಕ್ರಾನ್ ಹೋಗುತ್ತದೆ, ಮುಚ್ಚಿದ ಮೇಲೂ ಅದಕ್ಕೆ ಹಳೇ ಬಲ ಬರುವುದಿಲ್ಲ. ತೆಳು ಕಾರ್ನಿಯಾಕ್ಕೆ ಅದು ಬೇಡ. ಪಿಆರ್‌ಕೆಯಲ್ಲಿ ಮುಚ್ಚಳ ಇಲ್ಲ. ಮೇಲಿನ ಪದರವನ್ನು ಕೆರೆದು ತೆಗೆದು, ಬಯಲಾದ ಜಾಗಕ್ಕೆ ಲೇಸರ್ ಹೊಡೆಯುತ್ತಾರೆ. ಒಂದು ಪವರ್ ಕಡಿಮೆ ಮಾಡಲು ಸುಮಾರು 12 ಮೈಕ್ರಾನ್ ಅಂತ ಲೆಕ್ಕ. ನನ್ನ ನಾಲ್ಕೂವರೆಗೆ 54. ತೆಗೆದ ಮೇಲ್ಪದರ ತಾನಾಗೇ ಬೆಳೆಯಬೇಕು.

‘ತಾನಾಗೇ ಅಂದರೆ?’ ಅಂದೆ.

‘ನಿಮ್ಮ ಕಣ್ಣೇ ಬೆಳೆಸಿಕೊಳ್ಳುತ್ತೆ, ಟೀಚರ್. ನಾಲ್ಕೈದು ದಿನದಲ್ಲಿ’ ಅಂದರು. ನಾನು ಟೀಚರ್ ಅಂತ ಗೊತ್ತಾದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ.

ಆಪರೇಷನ್ ಏಪ್ರಿಲ್ ಮಧ್ಯದಲ್ಲಿ ಆಯಿತು. ಮರಗಟ್ಟಿಸುವ ಹನಿ ಹಾಕಿದರು. ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಸಿಕ್ಕಿಸಿದರು. ಒಂದು ಸಣ್ಣ ಬಳೆಯಂಥದ್ದನ್ನು ಕಣ್ಣಿನ ಮೇಲಿಟ್ಟು ಅದರೊಳಗೆ ನೀರು ಬೆರೆಸಿದ ಆಲ್ಕೋಹಾಲ್ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟರು. ಮೇಲ್ಪದರ ಸಡಿಲಾಗಲಿ ಅಂತ. ಆಮೇಲೆ ಏನೋ ಒಂದು ಉಪಕರಣ ಕಣ್ಣೆದುರು ಅತ್ತ ಇತ್ತ ಓಡಾಡಿತು. ಎದುರಿನ ಬೆಳಕು ಮಸುಕಾಯಿತು. ಆ ಪದರ ಬರೀ 50 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ತೆಳು. ಅದರಲ್ಲೇ ಐದರಿಂದ ಏಳು ಸಾಲು ಜೀವಕೋಶ. ಲೇಸರ್ ಟಕಟಕ ಅಂತ ಶುರುವಾಯಿತು, ಕೂದಲು ಸುಟ್ಟ ವಾಸನೆ ಬಂತು, ಮುಗಿಯಿತು. ಕೊನೆಗೆ ಮೈಟೋಮೈಸಿನ್ ಅನ್ನುವ ಔಷಧಿಯಲ್ಲಿ ನೆನೆಸಿದ ಸ್ಪಂಜನ್ನು ಕೆಲವು ಸೆಕೆಂಡ್ ಇಟ್ಟು, ತಣ್ಣನೆ ನೀರಿನಿಂದ ತೊಳೆದು, ಬ್ಯಾಂಡೇಜ್ ಲೆನ್ಸ್ ಕೂರಿಸಿದರು. ಕಣ್ಣಿಗೆ ಬಟ್ಟೆ ಕಟ್ಟಲು ಆಗಲ್ಲ ಅಲ್ವಾ, ಅದಕ್ಕೆ ಪವರ್ ಇಲ್ಲದ ಮೆತ್ತನೆ ಲೆನ್ಸೇ ಬ್ಯಾಂಡೇಜ್.

ಈ ಲೇಸರಿನಿಂದ ಮೈಯ ಭಾಗವನ್ನು ಹೀಗೆ ಕೆತ್ತಬಹುದು ಅಂತ ತೋರಿಸಿದ್ದು ನಮ್ಮ ಕಡೆಯವರೊಬ್ಬರು ಅಂತ ಆಮೇಲೆ ಓದಿ ತಿಳಿದುಕೊಂಡೆ. ಮದರಾಸಿನಲ್ಲಿ ಹುಟ್ಟಿ ಅಲ್ಲೇ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. 1981ರ ನವೆಂಬರಿನಲ್ಲಿ ಅವರು ಹಬ್ಬದ ಊಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದು ಎಕ್ಸೈಮರ್ ಲೇಸರಿನ ಕೆಳಗಿಟ್ಟರು. 193 ನ್ಯಾನೊಮೀಟರಿನ ಆ ಬೆಳಕು ಅಕ್ಕಪಕ್ಕ ಏನನ್ನೂ ಸುಡದೆ, ಬಿದ್ದ ಕಡೆ ಮಾತ್ರ ನೀಟಾಗಿ ಕೆತ್ತಿತು. ಒಂದು ಹೊಡೆತಕ್ಕೆ ಕಾಲು ಮೈಕ್ರಾನಿನಷ್ಟು ತೆಗೆಯುವ ಈ ಕೆಲಸವೇ ಮುಂದೆ ಕಣ್ಣಿಗೆ ಬಂತು. ಮಕ್ಕಳಿಗೆ ಈ ಕಥೆ ಹೇಳಿದಾಗ ಕ್ಲಾಸ್ ಪೂರ್ತಿ ನಿಶ್ಶಬ್ದವಾಗಿತ್ತು.

ಸಂಜೆ ಹೊತ್ತಿಗೆ ಮರಗಟ್ಟಿದ್ದು ಬಿಟ್ಟಿತು. ಉರಿ ಶುರುವಾಯಿತು. ಬ್ಯಾಡಗಿ ಮೆಣಸಿನಕಾಯಿ ಕುಟ್ಟಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡಂಥ ಉರಿ. ನೀರು ಸುರಿಯುತ್ತಲೇ ಇತ್ತು. ಕಿಟಕಿಯ ಬೆಳಕು ಕೂಡ ತಡೆಯಲು ಆಗಲಿಲ್ಲ. ಅವ್ವ ಕಂಬಳಿಯನ್ನು ಕಿಟಕಿಗೆ ಕಟ್ಟಿದಳು. ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ಆ ಮರಗಟ್ಟಿಸುವ ಹನಿಯನ್ನು ಮನೆಗೆ ಕೊಡಿ ಅಂತ ಫೋನ್ ಮಾಡಿ ಕೇಳಿದೆ. ಅತ್ತೇ ಬಿಟ್ಟೆ. ಡಾಕ್ಟರು ಸುತಾರಾಂ ಒಪ್ಪಲಿಲ್ಲ. ‘ಅದನ್ನ ಹಾಕ್ತಾ ಹೋದರೆ ಗಾಯ ಮಾಯೋದೇ ಇಲ್ಲ ಟೀಚರ್. ಜೀವಕೋಶಗಳು ಇದ್ದ ಕಡೆಯಿಂದ ಅಲ್ಲಾಡಲ್ಲ. ಕಣ್ಣೇ ಹೋಗಬಹುದು’ ಅಂದರು. ನೋವಿನ ಹನಿ ಅಂತ ಕೊಟ್ಟಿದ್ದನ್ನೂ ಎರಡೇ ದಿನ ಹಾಕಿ ನಿಲ್ಲಿಸಿ ಅಂದರು. ಅದೂ ಮಾಯುವುದನ್ನು ನಿಧಾನ ಮಾಡುತ್ತದಂತೆ. ಇದನ್ನು ಒತ್ತಿ ಹೇಳುತ್ತೇನೆ: ಎಷ್ಟೇ ನೋವಿದ್ದರೂ ಆ ಮರಗಟ್ಟಿಸುವ ಹನಿಯನ್ನು ಯಾರಾದರೂ ಮೆಡಿಕಲ್ ಶಾಪಿನಿಂದ ತಂದುಕೊಟ್ಟರೆ ಮುಟ್ಟಬೇಡಿ.

ಮೂರನೇ ದಿನ ಅಜ್ಜಿ ಪಕ್ಕ ಬಂದು ಕೂತಳು. ಅವಳಿಗೆ ಗೊತ್ತಿದ್ದ ಔಷಧಿ ಎರಡು. ಒಂದು, ಹಿತ್ತಲಿನ ನಂದಬಟ್ಟಲು ಹೂ. ಇನ್ನೊಂದು ಎದೆಹಾಲು. ಅತ್ತಿಗೆಗೆ ಆಗ ಮೂರು ತಿಂಗಳ ಕೂಸು.

‘ನಿಮ್ಮತ್ತಿಗೆ ಕೈಲಿ ಎಲ್ಡು ತೊಟ್ಟು ಹಾಲು ಬುಡುಸ್ಕೊ ಕಣವ್ವ. ಉರಿ ಎಲ್ಲಾ ತಣ್ಣಗಾಯ್ತದೆ. ನಿಮ್ಮಪ್ಪನ ಕಣ್ಣಿಗೆ ಕಬ್ಬಿನ ಸುಂಕು ಬಿದ್ದಾಗ ನಾನು ಅದನ್ನೇ ಮಾಡಿದ್ದು’ ಅಂದಳು.

ನಾನು ಬೇಡ ಅಂದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನು ಡಾಕ್ಟರಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ‘ಹಾಕದೇ ಇದ್ದದ್ದು ಒಳ್ಳೇದಾಯ್ತು. ತೆರೆದ ಗಾಯ, ಸೋಂಕು ತಗಲಿದರೆ ಕಷ್ಟ. ಆದರೆ ನಿಮ್ಮಜ್ಜಿ ಹೇಳಿದ್ದರಲ್ಲಿ ಒಂದು ವಿಷಯ ಇದೆ’ ಅಂದರು. ಆ ವಿಷಯ ಏನು ಅಂತ ತಿಳಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು.

ಐದನೇ ದಿನ ಲೆನ್ಸ್ ತೆಗೆಯುವ ದಿನ. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟು ನೋಡುತ್ತಾರೆ. ಮೇಲ್ಪದರ ಇಲ್ಲದ ಜಾಗ ಹಸಿರಾಗಿ ಹೊಳೆಯುತ್ತದೆ. ಎಡಗಣ್ಣು ಮುಚ್ಚಿಕೊಂಡಿತ್ತು. ಬಲಗಣ್ಣಿನಲ್ಲಿ ಇನ್ನೂ ಹಸಿರು ಇತ್ತು. ಅದರ ಫೋಟೊ ತೋರಿಸಿದರು. ನಡುವೆ ಸ್ವಲ್ಪ ಕೆಳಗೆ, ಕಬ್ಬಿನ ತುಂಡಿನ ಹಾಗೆ ಉದ್ದುದ್ದ, ಸುಮಾರು ಎರಡೂವರೆ ಮಿಲಿಮೀಟರ್. ಹೊಸ ಲೆನ್ಸ್ ಹಾಕಿ ಕಳಿಸಿದರು. ಏಳನೇ ದಿನ ಹೋದರೂ ಅದು ಅಷ್ಟೇ ಇತ್ತು.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಮೇಲ್ಪದರ ತೆಗೆದ ಜಾಗದ ಅಂಚಿನಲ್ಲಿ ಉಳಿದ ಜೀವಕೋಶಗಳು ಮೊದಲು ಚಪ್ಪಟೆಯಾಗುತ್ತವೆ. ಪಕ್ಕದವರ ಕೈ ಬಿಡದೆ ಹಾಳೆಯ ಹಾಗೆ ಎಲ್ಲಾ ಒಟ್ಟಿಗೆ ನಡುವಿನ ಕಡೆ ಜಾರುತ್ತವೆ. ಅವು ಗಂಟೆಗೆ 60 ಮೈಕ್ರಾನಿನಷ್ಟು ಸಾಗುತ್ತವೆ. ನನ್ನ ಗಾಯ ಎಂಟೂವರೆ ಮಿಲಿಮೀಟರ್ ಅಗಲ ಅಂದರೆ ಅಂಚಿನಿಂದ ನಡುವಿಗೆ ನಾಲ್ಕೂಕಾಲು ಮಿಲಿಮೀಟರ್. ಭಾಗಿಸಿದರೆ ಎಪ್ಪತ್ತು ಗಂಟೆ. ಮೂರು ದಿನದ ದಾರಿ. ಹಿಂದೆ ಬಿಟ್ಟ ಜಾಗವನ್ನು ತುಂಬಲು ಕಾರ್ನಿಯಾದ ಅಂಚಿನಲ್ಲಿರುವ ಮೂಲಕೋಶಗಳು ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಎಡಗಣ್ಣಿನಲ್ಲಿ ಹೀಗೇ ನಡೆದಿತ್ತು. ಬಲಗಣ್ಣಿನಲ್ಲಿ ಅರ್ಧ ದಾರಿಗೆ ನಿಂತುಬಿಟ್ಟಿದ್ದವು. ಒಂದೇ ಮೈಯ ಎರಡು ಕಣ್ಣು, ಒಂದೇ ದಿನದ ಗಾಯ. ಹೀಗ್ಯಾಕೆ?

ಎಂಟನೇ ದಿನ ಇದನ್ನೇ ಕೇಳಿದೆ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

‘ಟೀಚರ್, ಹೊಲಕ್ಕೆ ನೀರು ಯಾವಾಗ ಬಿಡಬೇಕು ಅಂತ ಯಾರೋ ಹೇಳಬೇಕಲ್ವಾ? ಜೀವಕೋಶಕ್ಕೂ ಹಂಗೇ. ಹೊರಡು, ಸಾಗು, ಎರಡಾಗು, ನಿಲ್ಲು ಅಂತ ಹೇಳೋದಕ್ಕೆ ಗ್ರೋತ್ ಫ್ಯಾಕ್ಟರ್ ಅಂತ ಪ್ರೋಟೀನುಗಳಿವೆ. ಕಣ್ಣಿನ ಮೇಲ್ಪದರಕ್ಕೆ ಅವು ಬರೋದು ಕಣ್ಣೀರಲ್ಲಿ. ನಿಮ್ಮ ಕಣ್ಣೀರು ಕಡಿಮೆ. ಅದರ ಮೇಲೆ ಈ ಬಿಸಿಲು. ಮಲಗೋವಾಗ ಏನು ಮಾಡ್ತೀರಿ?’

ಟೇಬಲ್ ಫ್ಯಾನ್. ಸೆಕೆ ತಡೆಯಲಾಗದೆ ಬಲಗಡೆ ಸ್ಟೂಲಿನ ಮೇಲೆ ಫ್ಯಾನ್ ಇಟ್ಟುಕೊಂಡು, ಐದರಲ್ಲಿ ಹಾಕಿಕೊಂಡು ಮಲಗುತ್ತಿದ್ದೆ. ಗಾಳಿ ನೇರ ಬಲಗಣ್ಣಿಗೇ. ಅವರು ತಲೆ ಆಡಿಸಿದರು. ಇದೊಂದೇ ಕಾರಣ ಅಂತ ಹೇಳಲಿಲ್ಲ. ನಾನು ಹಾಕುತ್ತಿದ್ದ ಕೃತಕ ಕಣ್ಣೀರಿನ ಬಾಟಲಿ ತಿರುಗಿಸಿ ನೋಡಿದರು. ಅದು ಕೆಡದಿರಲಿ ಅಂತ ಬೆರೆಸುವ ಬೆಂಜಾಲ್ಕೋನಿಯಂ ಕೂಡ ಬೆಳೆಯುತ್ತಿರುವ ಪದರಕ್ಕೆ ಒಳ್ಳೆಯದಲ್ಲವಂತೆ. ಎಳೆಯ ಪೈರಿಗೆ ಔಷಧಿ ಹೊಡೆದ ಹಾಗೆ. ಅದನ್ನು ಬಿಡಿಸಿ, ಒಂದೊಂದೇ ಡೋಸಿನ ಸಣ್ಣ ಪ್ಲಾಸ್ಟಿಕ್ ಕೊಳವೆಗಳನ್ನು ಬರೆದುಕೊಟ್ಟರು. ಆಮೇಲೆ ಅಂದರು: ‘ನಿಮ್ಮ ರಕ್ತದಿಂದ ನಿಮಗೇ ಡ್ರಾಪ್ಸ್ ಮಾಡಿಕೊಡ್ತೀವಿ.’

ನನಗೆ ಅರ್ಥವಾಗಲಿಲ್ಲ. ಅವ್ವನಂತೂ ಗಾಬರಿಯಾಗಿ ಎದ್ದು ನಿಂತಳು. ‘ಕಣ್ಣಿಗೆ ರಕ್ತ ಬುಡ್ತೀರಾ ಡಾಕ್ಟ್ರೆ?’

ರಕ್ತ ಅಲ್ಲ, ಸೀರಂ. ಮೊದಲು ಎಚ್‌ಐವಿ, ಕಾಮಾಲೆ ಪರೀಕ್ಷೆ ಮಾಡಿ, ಆಮೇಲೆ ತೋಳಿನಿಂದ ನಾಲ್ಕು ಟ್ಯೂಬ್ ರಕ್ತ ತೆಗೆದರು. ಅದನ್ನು ಹಾಗೇ ನಿಲ್ಲಿಸಿ ಹೆಪ್ಪುಗಟ್ಟಲು ಬಿಟ್ಟರು. ಎರಡು ಗಂಟೆ. ಹೆಪ್ಪುಗಟ್ಟುವುದು ಮುಖ್ಯವಂತೆ, ಯಾಕೆಂದರೆ ಹೆಪ್ಪಾಗುವಾಗಲೇ ರಕ್ತದ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮೊಳಗಿಟ್ಟುಕೊಂಡಿದ್ದ ಗ್ರೋತ್ ಫ್ಯಾಕ್ಟರ್‌ಗಳನ್ನು ಹೊರಗೆ ಬಿಡುತ್ತವೆ. ಕೈ ಕೊಯ್ದುಕೊಂಡಾಗ ರಕ್ತ ಕಟ್ಟುತ್ತದಲ್ಲ, ಅಲ್ಲಿಂದಲೇ ಮಾಯುವುದೂ ಶುರು ಅಂತ ಇಷ್ಟು ವರ್ಷ ಪಾಠ ಮಾಡುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರು. ಕೆಂಪೆಲ್ಲಾ ಕೆಳಗೆ ಕೂತು, ಮೇಲೆ ತಿಳಿಯಾದ ದ್ರವ ನಿಂತಿತು. ಅದೇ ಸೀರಂ. ಲ್ಯಾಬಿನ ಹುಡುಗಿ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದಳು. ಆಗ ತಾನೇ ಸೋಸಿದ ತುಪ್ಪದ ಬಣ್ಣ. ಅವ್ವ ತುಂಬ ಹೊತ್ತು ಅದನ್ನೇ ನೋಡಿದಳು.

ಅದನ್ನು ಹಾಗೇ ಹಾಕುವುದಿಲ್ಲ. ಒಂದು ಪಾಲು ಸೀರಂಗೆ ನಾಲ್ಕು ಪಾಲು ಸಲೈನ್ ಬೆರೆಸಿದರು. ಶೇಕಡಾ 20.

‘ಹಾಲಿಗೆ ನೀರು ಬೆರಸ್ದಂಗೆ ಆಯ್ತಲ್ಲವ್ವ? ಗಟ್ಟಿಗೇ ಹಾಕುದ್ರೆ ಬ್ಯಾಗ ವಾಸಿಯಾಗಕಿಲ್ವಾ?’ ಅಂತ ಅವ್ವ ನನ್ನ ಕಿವಿಯಲ್ಲಿ ಕೇಳಿದಳು. ನನಗೂ ಅದೇ ಪ್ರಶ್ನೆ. ಡಾಕ್ಟರು ಕೊಟ್ಟ ಉತ್ತರ ಈ ಆರು ತಿಂಗಳಲ್ಲಿ ನಾನು ಕಲಿತದ್ದರಲ್ಲೇ ದೊಡ್ಡದು.

ಸೀರಂನಲ್ಲಿ ಇಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್ ಇದೆ. ಅದು ಮೇಲ್ಪದರದ ಕೋಶಗಳಿಗೆ ಸಾಗು, ಎರಡಾಗು ಅಂತ ಹೇಳುತ್ತದೆ. ವಿಟಮಿನ್ ಎ ಇದೆ. ಕೋಶಗಳು ಕಾಲೂರಲು ಬೇಕಾದ ಫೈಬ್ರೊನೆಕ್ಟಿನ್ ಇದೆ. ಅದರ ಜೊತೆಗೆ ಟಿಜಿಎಫ್-ಬೀಟಾ ಅಂತ ಇನ್ನೊಂದೂ ಇದೆ. ಅದಕ್ಕೂ ಗಾಯದಲ್ಲಿ ಕೆಲಸ ಇದೆ. ಆದರೆ ಜಾಸ್ತಿಯಾದರೆ ಮೇಲ್ಪದರ ಬೆಳೆಯುವುದನ್ನು ತಡೆಯುತ್ತದೆ, ಕೆಳಗೆ ಕಲೆ ಕಟ್ಟಿಸುತ್ತದೆ. ಕಣ್ಣೀರಿನಲ್ಲಿ ಇರುವುದಕ್ಕಿಂತ ಸೀರಂನಲ್ಲಿ ಅದು ಐದು ಪಟ್ಟು. ಐದು ಪಾಲು ಮಾಡಿದರೆ ಕಣ್ಣೀರಿನ ಮಟ್ಟಕ್ಕೆ ಬರುತ್ತದೆ. ಅದಕ್ಕೇ ಶೇಕಡಾ 20. ಜಪಾನಿನ ವೈದ್ಯರು 1999ರಲ್ಲಿ ಹೀಗೆ ಲೆಕ್ಕ ಹಾಕಿ ಮಾಡಿದ ಕ್ರಮವನ್ನೇ ಈಗಲೂ ತುಂಬ ಕಡೆ ಅನುಸರಿಸುತ್ತಾರೆ.

ರಾತ್ರಿ ಅಪ್ಪನಿಗೆ ಇದನ್ನು ಹೇಳಿದೆ. ಅವನು ಬೆಲ್ಲ ಮಾಡುವವನು, ಅವನಿಗೆ ಥಟ್ಟನೆ ಅರ್ಥವಾಯಿತು. ‘ಪಾಕದ ಹದ’ ಅಂದ. ಅಷ್ಟೇ. ಪಾಕವನ್ನು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಾನೆ ಅಪ್ಪ. ಹದ ಬರುವ ಮೊದಲೇ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ. ಮೀರಿದರೆ ಕಪ್ಪಾಗುತ್ತದೆ. ಬೆಂಕಿ ಅದೇ, ಕಬ್ಬಿನ ಹಾಲೂ ಅದೇ.

ಇಜಿಎಫ್ ಸಿಕ್ಕಿದ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ರಸವನ್ನು ಈಗ ತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದ್ದರು. ನರ ಬೆಳೆಸುವ ಇನ್ನೊಂದು ಪ್ರೋಟೀನಿನ ಹುಡುಕಾಟ ಅದು. ಇಲಿಮರಿ ಕಣ್ಣು ಬಿಡುವುದು ಹುಟ್ಟಿ ಎರಡು ವಾರದ ಹೊತ್ತಿಗೆ. ಈ ಮರಿಗಳು ಒಂದು ವಾರಕ್ಕೇ ಕಣ್ಣು ಬಿಟ್ಟವು. ಹಲ್ಲೂ ಬೇಗ ಬಂದವು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಿದ್ದರೇನೋ. ಕೋಹೆನ್ ಅದನ್ನೇ ಹಿಡಿದು ಕೂತು ಆ ರಸದೊಳಗಿನ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ಅವರಿಗೂ, ನರ ಬೆಳೆಸುವ ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ಒಟ್ಟಿಗೆ ನೊಬೆಲ್ ಬಂತು. ಆ ಎನ್‌ಜಿಎಫ್ ಕೂಡ ಈಗ ಕಣ್ಣಿನ ಹನಿಯಾಗಿದೆ. ಕಾರ್ನಿಯಾದ ನರ ಸತ್ತು ಗಾಯ ಮಾಯದವರಿಗೆ ಅದನ್ನು ಹಾಕಲು 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ.

ಇಜಿಎಫ್ ಜೊಲ್ಲಿನಲ್ಲಿದೆ, ಕಣ್ಣೀರಿನಲ್ಲಿದೆ, ಎದೆಹಾಲಿನಲ್ಲೂ ಇದೆ. ಡಾಕ್ಟರು ಹೇಳಿದ್ದ ‘ಒಂದು ವಿಷಯ’ ಇದೇ. ಅಜ್ಜಿಗೆ ಹೇಳಿದೆ. ‘ಹಸ ಕರುನ ಗಾಯ ನೆಕ್ಕದು ಸುಮ್ಕೆ ಅಂದ್ಕಂಡಾ?’ ಅಂದಳು. ಹಾಗಂತ ಎದೆಹಾಲನ್ನು ಕಣ್ಣಿಗೆ ಬಿಡುವುದು ಸರಿಯಲ್ಲ. ಹಾಲಿನ ಜೊತೆ ಸೋಂಕೂ ಬರಬಹುದು. ಅದನ್ನೂ ಅಜ್ಜಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು, ಒಪ್ಪಿದಳೋ ಇಲ್ಲವೋ ಹೇಳಲಿಲ್ಲ.

ಎಂಟು ಪುಟ್ಟ ಬಾಟಲಿ ಕೊಟ್ಟರು. ಥರ್ಮಾಕೋಲ್ ಡಬ್ಬದಲ್ಲಿ ಐಸ್ ತುಂಬಿಸಿ ಅದರ ನಡುವೆ ಇಟ್ಟಿದ್ದರು. ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗಲೂ ಅವ್ವ ಡಬ್ಬವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಂಡಕ್ಟರು ಮೀನಾ ಅಂತ ಕೇಳಿದ. ಮನೆಯಲ್ಲಿ ಏಳು ಬಾಟಲಿ ಫ್ರೀಜರಿನಲ್ಲಿ, ಬಳಸುವ ಒಂದು ಕೆಳಗೆ ಮೊಸರಿನ ಪಾತ್ರೆ ಪಕ್ಕ. ತೆರೆದದ್ದನ್ನು ವಾರದೊಳಗೆ ಮುಗಿಸಬೇಕು, ಮಿಕ್ಕರೆ ಚೆಲ್ಲಬೇಕು. ಸೀರಂ ಅಂದರೆ ಕ್ರಿಮಿಗಳಿಗೂ ಒಳ್ಳೆಯ ಊಟ, ಅದಕ್ಕೇ ಬಾಟಲಿಯ ಮೂತಿ ರೆಪ್ಪೆಗೂ ಬೆರಳಿಗೂ ತಾಗಬಾರದು. ಕರೆಂಟು ಹೋದಾಗಲೆಲ್ಲ ಫ್ರಿಜ್ಜಿನ ಬಾಗಿಲು ಯಾರೂ ತೆಗೆಯಬಾರದು ಅಂತ ಅವ್ವನ ಆರ್ಡರ್. ಒಂದು ರಾತ್ರಿ ನಾಲ್ಕು ಗಂಟೆ ಹೊತ್ತು ಕರೆಂಟು ಇರಲಿಲ್ಲ. ತಮ್ಮ ಆ ಬಾಟಲಿಗಳನ್ನು ತೆಗೆದುಕೊಂಡು ಜನರೇಟರ್ ಇದ್ದ ಬೇಕರಿಗೆ ಓಡಿದ.

ದಿನಕ್ಕೆ ಎಂಟು ಸಲ. ತಣ್ಣಗೆ ಬೀಳುತ್ತಿತ್ತು, ಉರಿ ಇಲ್ಲ. ಫ್ಯಾನನ್ನು ಕಾಲಿನ ಕಡೆ ಇಟ್ಟುಕೊಂಡೆ. ಮೂರನೇ ದಿನಕ್ಕೆ, ಅಂದರೆ ಆಪರೇಷನ್ ಆದ ಹನ್ನೊಂದನೇ ದಿನಕ್ಕೆ ಮತ್ತೆ ನೀಲಿ ಬೆಳಕಿನ ಮುಂದೆ ಗಲ್ಲ ಇಟ್ಟು ಕೂತೆ. ಡಾಕ್ಟರು ಒಂದು ಮಾತೂ ಆಡದೆ ಎಡಕ್ಕೆ, ಬಲಕ್ಕೆ ನೋಡಿದರು. ಆಮೇಲೆ ಫೋಟೊ ತೋರಿಸಿದರು. ಹಸಿರು ಇರಲಿಲ್ಲ. ಅಂಚುಗಳು ಸೇರಿದ ಕಡೆ ಕೂದಲೆಳೆಯಷ್ಟು ಸಣ್ಣ ಗೆರೆ ಇತ್ತು, ಅಷ್ಟೇ. ಸೀರಂ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಫ್ಯಾನ್ ತಿರುಗಿಸಿದ್ದು, ಬಾಟಲಿ ಬದಲಾಯಿಸಿದ್ದು ಎಲ್ಲಾ ಒಟ್ಟಿಗೆ ಆಗಿತ್ತು.

ಗಾಯ ಮುಚ್ಚಿತು, ಕೆಲಸ ಮುಗಿಯಿತು ಅಂದುಕೊಂಡೆ. ಡಾಕ್ಟರು ಹಾಗನ್ನಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಎಡಗಣ್ಣು ಕೊನೆ ಬೆಂಚಿನ ಹುಡುಗನ ನೋಟ್ಸನ್ನೂ ಓದುತ್ತಿತ್ತು. ಬಲಗಣ್ಣಿನಲ್ಲಿ ಬೋರ್ಡು ಕಾಣುತ್ತಿತ್ತು, ಆದರೆ ಒಂದು ತೆಳು ಹೊಗೆಯ ಹಿಂದೆ. ರಾತ್ರಿ ಎದುರಿನ ಗಾಡಿಯ ಲೈಟಿನ ಸುತ್ತ ಬಳೆ. ಎರಡನೇ ತಿಂಗಳ ಚೆಕಪ್‌ನಲ್ಲಿ ‘ಸ್ವಲ್ಪ ಹೇಜ್ ಇದೆ’ ಅಂದರು. ಕಾರ್ನಿಯಾದ ಮಂಜು. ಎದೆ ಧಸಕ್ಕೆಂದಿತು.

ಆವತ್ತು ಅರ್ಥವಾದದ್ದು ಇಷ್ಟು. ಮೇಲ್ಪದರವನ್ನು ಕೆರೆದಾಗ ಅದರ ಕೆಳಗಿನ ಕೋಶಗಳೂ ಕೆಲವು ಗಂಟೆಗಳಲ್ಲೇ ಸಾಯುತ್ತವೆ. ಉಳಿದವು ಎಚ್ಚೆತ್ತು ರಿಪೇರಿಗೆ ಇಳಿಯುತ್ತವೆ. ಇವೇ ಮೇಲ್ಪದರಕ್ಕೆ ಎಚ್‌ಜಿಎಫ್, ಕೆಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್‌ಗಳನ್ನು ಕಳಿಸಿ ಬೆಳೆಯಲು ನೆರವಾಗುತ್ತವೆ. ಮೇಲಿಂದ ಟಿಜಿಎಫ್-ಬೀಟಾ ಕೆಳಗೆ ಇಳಿಯುತ್ತಲೇ ಇದ್ದರೆ ಕೆಲವು ಕೋಶಗಳು ಬೇರೆ ರೂಪ ತಾಳಿ, ಅಡ್ಡಾದಿಡ್ಡಿ ಎಳೆ ನೇಯಲು ಶುರು ಮಾಡುತ್ತವೆ. ಕಾರ್ನಿಯಾ ಪಾರದರ್ಶಕವಾಗಿರುವುದೇ ಅದರ ಎಳೆಗಳು ಒಂದೇ ಅಂತರದಲ್ಲಿ ಸಾಲಾಗಿ ಇರುವುದರಿಂದ. ಸಾಲು ತಪ್ಪಿದರೆ ಬೆಳಕು ಚದುರುತ್ತದೆ. ಅದೇ ಮಂಜು. ಮೇಲ್ಪದರಕ್ಕೂ ಒಳಗಿನದಕ್ಕೂ ನಡುವೆ ಒಂದು ತೆಳು ಬೇಲಿ ಇರುತ್ತದೆ. ಅದು ಸರಿಯಾಗಿ ಕಟ್ಟಿಕೊಂಡರೆ ಟಿಜಿಎಫ್-ಬೀಟಾ ಕೆಳಗೆ ಇಳಿಯುವುದು ನಿಲ್ಲುತ್ತದೆ, ಆ ಕೋಶಗಳು ಸಾಯುತ್ತವೆ, ಮಂಜು ನಿಧಾನಕ್ಕೆ ಕರಗುತ್ತದೆ. ಗಾಯ ಮುಚ್ಚುವುದು ತಡವಾದ ಕಣ್ಣಿನಲ್ಲಿ ಬೇಲಿಯೂ ತಡ. ಆಪರೇಷನ್ ದಿನ ಮೈಟೋಮೈಸಿನ್ ಸ್ಪಂಜು ಇಟ್ಟಿದ್ದೂ ಈ ಕೋಶಗಳು ಮಿತಿಮೀರಿ ಹೆಚ್ಚದಿರಲಿ ಅಂತಲೇ.

ಆಗ ನನಗೆ ಅನ್ನಿಸಿದ್ದು, ಗಾಯ ಮಾಯುವುದು ಅಂದರೆ ಬೆಳೆಯುವುದು ಒಂದೇ ಅಲ್ಲ. ಸರಿಯಾದ ಹೊತ್ತಿಗೆ ನಿಲ್ಲುವುದೂ ಮಾಯುವುದೇ. ಮೊದಲ ವಾರ ಬೆಳೆಯಲಿ ಬೆಳೆಯಲಿ ಅಂತ ಕಾದೆವು. ಎರಡನೇ ತಿಂಗಳಿಂದ ಸಾಕು, ನಿಲ್ಲಲಿ ಅಂತ ಕಾದೆವು.

ಸ್ಟೀರಾಯ್ಡ್ ಹನಿಯನ್ನು ಮುಂದುವರಿಸಿದರು. ದಿನಕ್ಕೆ ನಾಲ್ಕು, ತಿಂಗಳಾದ ಮೇಲೆ ಮೂರು, ಆಮೇಲೆ ಎರಡು, ಒಂದು. ಅದರಿಂದ ಕಣ್ಣಿನ ಒತ್ತಡ ಏರಬಹುದು, ಹಾಗಾಗಿ ಪ್ರತಿ ತಿಂಗಳೂ ಒತ್ತಡ ನೋಡುತ್ತಿದ್ದರು. ನಾವೇ ಅಂಗಡಿಯಿಂದ ತಂದು ಹಾಕಿಕೊಳ್ಳುವ ಔಷಧಿ ಇದಲ್ಲ. ಬಿಸಿಲಿನ ನೇರಳಾತೀತ ಕಿರಣದಿಂದ ಮಂಜು ಮತ್ತೆ ಹೆಚ್ಚಬಹುದು, ಹೊರಗೆ ಹೋದಾಗಲೆಲ್ಲ ಕಪ್ಪು ಕನ್ನಡಕ ಬೇಕು ಅಂದರು. ಕನ್ನಡಕ ಬೇಡ ಅಂತ ಆಪರೇಷನ್ ಮಾಡಿಸಿಕೊಂಡವಳು ಮತ್ತೆ ಕನ್ನಡಕ ಹಾಕಿಕೊಂಡೇ ಶಾಲೆಗೆ ಹೋದೆ. ಆಲೆಮನೆಯ ಹೊಗೆಗೆ ಮೂರು ತಿಂಗಳು ಹೋಗಲೇ ಇಲ್ಲ.

ಆಗಸ್ಟಿನಲ್ಲಿ ಹೊಗೆ ತೆಳುವಾಯಿತು. ಒಂದು ದಿನ ಬೆಳಿಗ್ಗೆ ಅಂತ ತಟ್ಟನೆ ಆದದ್ದಲ್ಲ. ಸ್ಕೂಟರಿನಲ್ಲಿ ಹೋಗುವಾಗ ನಾಲೆಯ ಏರಿ ಮೇಲಿನ ಮೈಲಿಗಲ್ಲನ್ನು ಎಡಗಣ್ಣು ಮುಚ್ಚಿ ಓದಿ ನೋಡುವುದು ಅಭ್ಯಾಸವಾಗಿತ್ತು. ಮೊದಲು ಕಲ್ಲಿನ ಹತ್ತಿರ ಹೋಗಬೇಕಿತ್ತು. ಆಮೇಲೆ ಬೇವಿನ ಮರದ ಹತ್ತಿರದಿಂದಲೇ ಕಾಣಿಸಿತು. ಅಕ್ಟೋಬರಿನ ಚೆಕಪ್‌ನಲ್ಲಿ ಎರಡೂ ಕಣ್ಣು ಕೊನೆಯ ಸಾಲಿನವರೆಗೆ ಓದಿದವು.

ಫ್ರೀಜರಿನಲ್ಲಿ ಇನ್ನೂ ಐದು ಬಾಟಲಿ ಉಳಿದಿದ್ದವು. ಮೂರು ತಿಂಗಳ ಮೇಲೆ ಬಳಸಬಾರದು ಅಂತ ಅದರ ಮೇಲೇ ಬರೆದಿತ್ತು. ಅವ್ವನಿಗೆ ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಕರಗಿಸಿ, ಒಂದೊಂದೇ ಮುಚ್ಚಳ ಬಿಚ್ಚಿ, ಹಿತ್ತಲಿನ ನಂದಬಟ್ಟಲು ಗಿಡದ ಬುಡಕ್ಕೆ ಸುರಿದಳು.

ಇನ್ನೊಂದು ಉಳಿದಿದೆ. ಮೇಲ್ಪದರ ಕೆರೆದಾಗ ಅಲ್ಲಿನ ನರದ ತುದಿಗಳೂ ಹೋಗುತ್ತವೆ. ಅವು ಮತ್ತೆ ಚಿಗುರಲು ತಿಂಗಳುಗಟ್ಟಲೆ ಬೇಕು. ಕಣ್ಣಿಗೆ ಚುಚ್ಚಿದ್ದು, ಉರಿದದ್ದು ತಿಳಿದರೆ ತಾನೇ ನೀರು ಬರುವುದು. ಆ ನೀರಿನಲ್ಲಿ ತಾನೇ ಇಜಿಎಫ್ ಇರುವುದು. ಅಲ್ಲಿಯವರೆಗೆ ಕೃತಕ ಕಣ್ಣೀರೇ ಗತಿ, ಈಗಲೂ ದಿನಕ್ಕೆ ಎರಡು ಸಲ ಹಾಕುತ್ತೇನೆ. ಬೇಸಿಗೆಯಿಂದ ಈಚೆಗೆ ಮನೆಯಲ್ಲಿ ಈರುಳ್ಳಿ ಹೆಚ್ಚುವ ಕೆಲಸ ನನ್ನದೇ ಆಗಿತ್ತು, ಯಾಕೆಂದರೆ ನನಗೆ ಉರಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ದೀಪಾವಳಿಯ ಹಿಂದಿನ ಭಾನುವಾರ ಬಾಡೂಟಕ್ಕೆ ಒಂದು ಕೆಜಿ ಈರುಳ್ಳಿ ಮುಂದಿಟ್ಟುಕೊಂಡು ಕೂತಿದ್ದೆ. ಮೂರನೇದಕ್ಕೆ ಚಾಕು ಇಡುವಾಗ ಕಣ್ಣು ಚುರ್ ಅಂದಿತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ನೀರು ಕೆನ್ನೆ ಮೇಲೆ ಇಳಿಯಿತು.

‘ಯಾಕವ್ವ ಅಳ್ತಿದ್ದೀ?’ ಅಂತ ಅಜ್ಜಿ ಜಗಲಿಯಿಂದ ಕೇಳಿದಳು.

‘ಈರುಳ್ಳಿ ಕಣಜ್ಜಿ’ ಅಂದೆ. ಒರೆಸಿಕೊಳ್ಳಲಿಲ್ಲ. ನಾಲ್ಕನೇ ಈರುಳ್ಳಿ ತೆಗೆದುಕೊಂಡೆ.